ಶಿಲ್ಕಿನ ಒಡೆತನ: ಕೃಷ್ಣಾ-ಘಟಪ್ರಭೆಗಳ ನಡುನಾಡಿನ ಅರ್ಥವ್ಯವಸ್ಥೆಯ ಚರಿತ್ರೆಯಲ್ಲಿ ಒಂದು ವಿಚಾರ

ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ಘಟಪ್ರಭೆಯೂ ಹರಿಯುವ ನಡುನಾಡಿನಲ್ಲಿ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಎಂಬ ಊರುಗಳಿವೆ. ಸಾಹಿತ್ಯಾಭ್ಯಾಸಿಗಳಿಗೆ ಈ ಸೀಮೆಯು ಅಪರಿಚಿತವಾದುದಲ್ಲ. ಮುಧೋಳವು ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನ ಊರು. ಬೀಳಗಿ ತಾಲ್ಲೂಕಿನ ಗಲಗಲಿಯು ಸಂಸ್ಕೃತ ವಿದ್ವಾಂಸರ ಮನೆತನಗಳಿಂದ ಹೆಸರಾದ ಕ್ಷೇತ್ರ. ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನೊಪ್ಪಿಸಲು ನಿರಾಕರಿಸಿ ಮಡಿದ ಕಥೆಯು ಲಾವಣಿಗಳಲ್ಲಿ ಉಳಿದುಬಂದಿದೆ. ಆದರೆ ಈ ಸೀಮೆಯ ಜನರು ಹೇಗೆ ದುಡಿದರು, ದುಡಿದುದನ್ನು ಹೇಗೆ ಹಂಚಿಕೊಂಡರು, ಹಂಚಿ ಮಿಕ್ಕುದನ್ನು ಯಾರ ಕೈಯಲ್ಲಿಟ್ಟರು ಎಂಬ ವಿಷಯದಲ್ಲಿ ನಮ್ಮ ಪತ್ರಿಕೆಗಳಲ್ಲಿ ಬಂದಿರುವ ಬರವಣಿಗೆಯು ಅತ್ಯಲ್ಪವೆಂದೇ ಹೇಳಬೇಕು.

ಈಗ ನಡೆಯುತ್ತಿರುವ ಅರ್ಥವ್ಯವಸ್ಥೆಗೆ ಪ್ರತಿಯಾಗಿ ಮತ್ತೊಂದನ್ನು ಕಲ್ಪಿಸಿಕೊಳ್ಳುವುದು ಸಾಧ್ಯವೆ ಎಂಬ ಪ್ರಶ್ನೆಯು ಇತ್ತೀಚಿನ ವರ್ಷಗಳಲ್ಲಿ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಕೇಳುವವರು ಉತ್ತರಕ್ಕಾಗಿ ಬಹುಮಟ್ಟಿಗೆ ಪಾಶ್ಚಾತ್ಯ ಗ್ರಂಥಗಳನ್ನು ತೆರೆಯುತ್ತಾರೆ. ಇಲ್ಲವೆ, ನಮ್ಮ ಪೂರ್ವಿಕರಲ್ಲಿ ಎಲ್ಲವೂ ಸುವ್ಯವಸ್ಥಿತವಾಗಿತ್ತೆಂದು ಹೇಳಿ ಗ್ರಂಥವನ್ನೇ ತೆರೆಯದೆ ಸುಮ್ಮನಾಗುತ್ತಾರೆ. ಈ ಎರಡು ದಾರಿಗಳನ್ನೂ ಬಿಟ್ಟು ಒಂದೇ ಸೀಮೆಯನ್ನು ಹಿಡಿದು, ಅಲ್ಲಿ ಬೇರೆಯಾದ ವ್ಯವಸ್ಥೆಯ ಕಲ್ಪನೆಗಳು ಎಂದೆಂದು ಹುಟ್ಟಿದವು, ಎಷ್ಟು ದೂರ ನಡೆದವು, ಎಲ್ಲಿ ಎಡವಿದವು ಎಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ನಮ್ಮ ಕಡೆಯ ಅಂಗಡಿಗಳ ಕೀರ್ದಿ ಪುಸ್ತಕದಲ್ಲಿ ದಿನದ ಜಮೆಯಿಂದ ಖರ್ಚನ್ನು ಕಳೆದು ಕೊನೆಯಲ್ಲಿ ಬರೆಯುವ ಮೊತ್ತಕ್ಕೆ 'ಶಿಲ್ಕು' ಎನ್ನುವರು. ದುಡಿದವರ ಹೊಟ್ಟೆ ತುಂಬಿ, ಉಪಕರಣಗಳ ಸವೆತ ಕಳೆದು, ಸರಕಾರದ ಕರ ಸಂದಾಯವಾದ ಮೇಲೆ ಉಳಿಯುವ ಈ ಶಿಲ್ಕು ಯಾರದು? ಅರ್ಥವ್ಯವಸ್ಥೆಗಳು ಪರಸ್ಪರ ಭಿನ್ನವಾಗುವುದು ಈ ಒಂದು ಪ್ರಶ್ನೆಯ ಉತ್ತರದಲ್ಲಿಯೇ ಎಂದು ನಮಗೆ ತೋರುತ್ತದೆ. ಮಿಕ್ಕ ಭೇದಗಳು ಇದರಿಂದ ಹುಟ್ಟಿದ ಶಾಖೋಪಶಾಖೆಗಳು.

ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ಎಣಿಸಿದ್ದಾರೆ. ಅವುಗಳಲ್ಲಿ 'ಸಂಭೂಯಸಮುತ್ಥಾನ'ವೆಂಬುದೊಂದು, ಹಲವರು ಕೂಡಿ ಬಂಡವಾಳವನ್ನೋ ಶ್ರಮವನ್ನೋ ಹಾಕಿ ಮಾಡುವ ಉದ್ಯಮವೆಂದು ಅದರ ಅರ್ಥ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಅಂಥ ಉದ್ಯಮದ ಲಾಭನಷ್ಟಗಳು ಹಾಕಿದ ದ್ರವ್ಯಕ್ಕೆ ಅನುಸಾರವಾಗಿಯಾದರೂ, ಮೊದಲೇ ಮಾಡಿಕೊಂಡ ಒಪ್ಪಂದಕ್ಕೆ ಅನುಸಾರವಾಗಿಯಾದರೂ ಹಂಚಿಕೆಯಾಗತಕ್ಕವು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದವನು. ಎಂದರೆ ನಾವು ಹೇಳುತ್ತಿರುವ ಸೀಮೆಯನ್ನು ಆಳಿದ ಅರಸನ ರಾಜಧಾನಿಯಲ್ಲಿಯೇ ಕುಳಿತು ಈ ವಿಷಯವನ್ನು ವಿಚಾರಿಸಿದವನು. ಬೃಹಸ್ಪತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಲ್ಪಿಗಳು ಕೂಡಿ ಮಾಡಿದ ಕೆಲಸದಲ್ಲಿ ಕಲಿಯುವವನಿಗೆ ಒಂದು, ಕೆಲಸ ಬಲ್ಲವನಿಗೆ ಎರಡು, ಕುಶಲನಿಗೆ ಮೂರು, ಆಚಾರ್ಯನಿಗೆ ನಾಲ್ಕು ಪಾಲುಗಳೆಂದು ವಿಧಿಸುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕಲಿಯುವ ಹುಡುಗನು ಕೂಲಿಯವನಲ್ಲ, ಪಾಲುದಾರನು. ಅವನ ಪಾಲು ಚಿಕ್ಕದು. ಆದರೆ ಶಿಲ್ಕು ಹೆಚ್ಚಿದರೆ ಅವನದೂ ಹೆಚ್ಚುತ್ತದೆ.

ಇಷ್ಟರಿಂದಲೇ ಪ್ರಾಚೀನರು ಕೂಲಿಯನ್ನರಿಯರೆಂದು ಸಾಧಿಸಲು ಹೊರಡುವುದು ಸರಿಯಲ್ಲ. ಅದೇ ಸ್ಮೃತಿಗಳಲ್ಲಿ ವೇತನಾದಾನವೆಂಬ ಪ್ರಕರಣವಿದೆ, ದಾಸರ ಭೇದಗಳ ಪಟ್ಟಿಯೂ ಇದೆ. ವಿದ್ಯೆಯನ್ನು ಮಾರಬಾರದೆಂಬ ನಿಯಮವೂ ಅಲ್ಲಿಯೇ ಇದೆ; ಸಂಬಳಕ್ಕೆ ಪಾಠ ಹೇಳುವ ಭೃತಕಾಧ್ಯಾಪಕನನ್ನು ಮನುವು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟಿದ್ದಾನೆ. ಈ ಲೇಖಕನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಒಂದು ಕಾಸನ್ನೂ ಕೊಡದೆ ಓದಿ, ಮಠದ ದಾಸೋಹದಲ್ಲಿ ಉಂಡು, ಈಗ ತಿಂಗಳ ಮೊದಲ ವಾರದಲ್ಲಿ ಸಂಬಳದ ದಾರಿ ನೋಡುವ ಭೃತಕಾಧ್ಯಾಪಕನಾಗಿರುವುದರಿಂದ ಈ ವಚನವನ್ನು ಪಾಠ ಹೇಳುವಾಗ ತುಸು ವೇಗವಾಗಿ ಮುಂದಕ್ಕೆ ಹೋಗುವ ಅಭ್ಯಾಸವಿಟ್ಟುಕೊಂಡಿದ್ದಾನೆ. ಅದಂತಿರಲಿ.

ಶಾಸ್ತ್ರವು ಹೇಳಿದುದು ಬಳಕೆಯಲ್ಲಿತ್ತೆ ಎಂಬುದಕ್ಕೆ ಶಾಸನಗಳೇ ಸಾಕ್ಷಿ. ಕ್ರಿ. ಶ. ಎರಡನೆಯ ಶತಮಾನದ ನಾಸಿಕದ ಗುಹಾಶಾಸನವೊಂದರಲ್ಲಿ ನಹಪಾನನ ಅಳಿಯನಾದ ಉಷವದಾತನು ಭಿಕ್ಷುಗಳಿಗಾಗಿ 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇಟ್ಟನೆಂದು ಹೇಳಿದೆ. ಒಂದು ಶ್ರೇಣಿಯಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ; ಮತ್ತೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರಂತೆ. ಅಸಲನ್ನು ಹಿಂದಕ್ಕೆ ಕೊಡತಕ್ಕುದಲ್ಲ. ಬಡ್ಡಿಯು ಮಾತ್ರ ನಿರಂತರವಾಗಿ ಸಲ್ಲತಕ್ಕುದು. ಇದಕ್ಕೇ ಅಕ್ಷಯನೀವಿಯೆಂದು ಹೆಸರು. ರಾಜನ ಅಳಿಯನು ತನ್ನ ಧರ್ಮದ ಹಣವನ್ನು ಇಡುವುದಕ್ಕೆ ಅರಮನೆಯ ಭಂಡಾರಕ್ಕಿಂತ ನೇಕಾರರ ಕೂಟವೇ ಸ್ಥಿರವಾದುದೆಂದು ಬಗೆದನಲ್ಲವೆ! ಇಂದು ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳವನ್ನು ಕೇಳುತ್ತ ನಡೆಯುವವನಿಗೆ ಈ ಶಾಸನದ ನೆನಪು ಒಮ್ಮೆಲೆ ಬಂದು ಮನಸ್ಸನ್ನು ಕಲಕುತ್ತದೆ. ಆಗ ನೇಕಾರನು ಸಾಲ ಪಡೆದು ಬಡ್ಡಿಯನ್ನು ಧರ್ಮಕ್ಕೆ ಸಲ್ಲಿಸುವಷ್ಟು ನಂಬಿಕೆಗೆ ಪಾತ್ರನಾದ ಸಂಸ್ಥೆಯಾಗಿದ್ದನು. ಈಗ ಒಂಟಿಯಾದ ಸಾಲಗಾರನು.

ಕನ್ನಡ ನಾಡಿನಲ್ಲಿಯೂ ಇಂಥ ಉದಾಹರಣೆಗಳುಂಟು. ಎಂಟನೆಯ ಶತಮಾನದ ಲಕ್ಷ್ಮೇಶ್ವರದ ಶಾಸನದಲ್ಲಿ ಪುಲಿಗೆರೆಯ ಕಂಚುಗಾರರ ಶ್ರೇಣಿಗೆ ಕಾರ್ತಿಕ ಮಾಸದಲ್ಲಿ ಸಲ್ಲತಕ್ಕ ತೆರಿಗೆಯ ಉಲ್ಲೇಖವಿದೆ. ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಅಯ್ಯಾವೊಳೆಯ ಐನೂರ್ವರ ಸಂಘ. ಇಂದಿನ ಐಹೊಳೆಯ ಹೆಸರನ್ನು ಹೊತ್ತ ಈ ವರ್ತಕಸಂಘವು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ ತಮಿಳು ದೇಶಕ್ಕೂ ಕಡಲಾಚೆಗೂ ಹೋದುದು ಪ್ರಸಿದ್ಧವಾಗಿದೆ. ರಬಕವಿಗೆ ಸಮೀಪದ ತೇರದಾಳದಲ್ಲಿ ಮಂಡಳಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯ ಶಾಸನಗಳು 1123ರಿಂದ ಮೊದಲಾಗಿ ಆ ಶತಮಾನದ ಕೊನೆಯ ಭಾಗದವರೆಗಿನವು. ಅವುಗಳಲ್ಲಿಯೂ ಈ ಐನೂರ್ವರು ಕಾಣಿಸಿಕೊಳ್ಳುತ್ತಾರೆ. ಇಂಥ ಸಂಘಗಳು ಹೇರಿಗೆ ಇಷ್ಟು, ಮೂಟೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವರಿಗೆ ಬಿಡುತ್ತಿದ್ದುದು ಆ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಿಷಯ. ಅರಸನು ಹಾಕಿದ ಸುಂಕವಲ್ಲ, ಕೂಟವೇ ಕೂಡಿ ಒಪ್ಪಿಕೊಂಡ ಕಟ್ಟಳೆ.

ಶಿಲ್ಕಿನ ಪ್ರಶ್ನೆಗೆ ಶ್ರೇಣಿಯು ಕೊಟ್ಟ ಉತ್ತರವು ಇದರಿಂದ ಸ್ಪಷ್ಟವಾಗುತ್ತದೆ. ಮಿಕ್ಕುದರಲ್ಲಿ ಒಂದು ಪಾಲು ಯಾವ ವ್ಯಕ್ತಿಗೂ ಸೇರದೆ ದೇವರದಾಗಬೇಕು. ದೇವರದಾದುದನ್ನು ಯಾರೂ ಒಡೆಯಲಾಗದು. ಬುದ್ಧಿವಂತಿಕೆಯ ಉಪಾಯ. ಆದರೆ ಇದರ ಮಿತಿಯನ್ನೂ ಹೇಳಬೇಕು. ಐನೂರ್ವರ ಪ್ರಶಸ್ತಿಗಳಲ್ಲಿ ಸೆಟ್ಟಿಗಳ ಶೌರ್ಯ, ದಾನ, ದೇಶಾಂತರ ಸಂಚಾರಗಳ ವರ್ಣನೆಯು ಪುಟಗಟ್ಟಲೆ ಬರುತ್ತದೆ. ಹೇರನ್ನು ಹೊತ್ತವನ ಪಾಲು ಎಷ್ಟೆಂಬ ಮಾತು ಬರುವುದಿಲ್ಲ. ಕೂಟವು ಕೂಟದವರಿಗೆ ಮಾತ್ರ ನ್ಯಾಯವಾಗಿತ್ತು.

ಹನ್ನೆರಡನೆಯ ಶತಮಾನದ ಶರಣರು ಪ್ರಶ್ನೆಯನ್ನೇ ಬೇರೆ ದಿಕ್ಕಿನಿಂದ ಹಿಡಿದರು. ಬಸವಣ್ಣನವರು ವಿದ್ಯಾಭ್ಯಾಸ ಮಾಡಿದ ಕೂಡಲಸಂಗಮವು ಬೀಳಗಿಗೆ ಪೂರ್ವದಿಕ್ಕಿನಲ್ಲಿ, ಕೃಷ್ಣಾ-ಮಲಪ್ರಭೆಗಳು ಕೂಡುವಲ್ಲಿದೆ. ಕಾಯಕ, ದಾಸೋಹ ಎಂಬ ಎರಡು ಶಬ್ದಗಳನ್ನು ಈಗ ಸಭೆಗಳಲ್ಲಿ ಎಷ್ಟು ಸಲ ಉಚ್ಚರಿಸುತ್ತಾರೆಂದರೆ ಅವುಗಳ ಅಂಚುಗಳು ಸವೆದುಹೋಗಿವೆ. ಅವುಗಳ ಮೂಲದ ತೀಕ್ಷ್ಣತೆಯನ್ನು ತಿಳಿಯಬೇಕಾದರೆ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೋಡಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಹೆಂಡತಿ ಲಕ್ಕಮ್ಮನು ಒಪ್ಪದೆ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದುಬರುವಂತೆ ಹಿಂದಕ್ಕೆ ಕಳುಹಿಸಿದಳು. ನುಲಿಯ ಚಂದಯ್ಯನ ಕಥೆಯೂ ಇದೇ ಜಾತಿಯದು: ಹಗ್ಗಕ್ಕೆ ತಕ್ಕ ಬೆಲೆಗಿಂತ ಅಧಿಕವಾದ ಹಣವು ಬಂದಾಗ ಅವನು ಅದನ್ನು ಮುಟ್ಟಲೊಲ್ಲದೆ ತಿರುಗಿ ಕೊಡಿಸಿದನು. ಭಕ್ತಿಯಿಂದ ಬಂದ ಹಣವೂ ಬೆಲೆಯನ್ನು ಮೀರಿದರೆ ಅವನಿಗೆ ಸಲ್ಲದು.

ಈ ಕಥೆಗಳನ್ನು ವೈರಾಗ್ಯದ ದೃಷ್ಟಾಂತಗಳೆಂದು ಓದುವುದು ರೂಢಿ. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ಇವು ಶಿಲ್ಕನ್ನು ಹುಟ್ಟಿದ ಸ್ಥಳದಲ್ಲಿಯೇ ನಿರಾಕರಿಸುವ ಕಥೆಗಳಾಗಿವೆ. ಶ್ರೇಣಿಯು ಶಿಲ್ಕನ್ನು ದೇವರಿಗೆ ಒಪ್ಪಿಸಿತು. ಲಕ್ಕಮ್ಮನು ಶಿಲ್ಕೇ ಆಗಬಾರದೆಂದಳು. ಇದಕ್ಕಿಂತ ಮೂಲಗಾಮಿಯಾದ ಕಲ್ಪನೆಯು ನಮ್ಮ ನಾಡಿನಲ್ಲಿ ಹುಟ್ಟಿದುದನ್ನು ನಾವು ಕಾಣೆವು. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಮೇಲೆ ಹೇರು ಹೊತ್ತವನೂ ಕೂಟದ ಒಳಗೆ ಬಂದನು. ಐನೂರ್ವರ ಸಂಘದಲ್ಲಿ ಇಲ್ಲದಿದ್ದ ಬಾಗಿಲು ಇದು.

ಆದರೆ ವಿದ್ವಾಂಸರಲ್ಲಿ ಕೆಲವರು ಇದನ್ನೇ ಆಧುನಿಕ ಸಮಾಜವಾದವೆಂದು ಹೇಳಲು ತವಕಪಡುವುದುಂಟು. ಅದು ನಮಗೆ ಒಪ್ಪಿಗೆಯಾಗದು. ಶಿಲ್ಕನ್ನು ಪೂರ್ತಿಯಾಗಿ ನಿರಾಕರಿಸಿದ ಸಮಾಜವು ಬಾವಿಯನ್ನು ಯಾವುದರಿಂದ ತೋಡಬೇಕು? ಮಳೆ ತಪ್ಪಿದ ವರ್ಷದಲ್ಲಿ ಏನನ್ನು ಉಣ್ಣಬೇಕು? ದಾಸೋಹವೇ ಅದಕ್ಕೆ ಉತ್ತರವೆಂದರೆ, ದಾಸೋಹಕ್ಕೆ ಬೇಕಾದ ಧಾನ್ಯವು ಎಲ್ಲಿಯಾದರೂ ಒಂದು ಕಡೆ ಕೂಡಿರಲೇಬೇಕು; ಕೂಡಿದುದಕ್ಕೆ ಕಾವಲುಗಾರನೊಬ್ಬನು ಬೇಕು; ಕಾವಲುಗಾರನು ಕ್ರಮೇಣ ಒಡೆಯನಾಗುವನು. ಮುಂದಿನ ಶತಮಾನಗಳಲ್ಲಿ ಮಠಗಳಿಗೆ ಭೂಮಿಕಾಣಿಗಳು ಬಂದುದೂ, ಮಠಗಳು ತಾವೇ ಭೂಮಾಲಿಕರಾದುದೂ ಈ ಸಂಕಟದ ಫಲವೇ ಆಗಿದೆ. ಹೀಗೆಂದು ಹೇಳುವಾಗ, ಆ ಮಠಗಳ ಅನ್ನವನ್ನುಂಡು ಓದಿದ ಸಾವಿರಾರು ಹುಡುಗರಲ್ಲಿ ತಾನೂ ಒಬ್ಬನೆಂಬುದನ್ನು ಈ ಲೇಖಕನು ಮರೆತಿಲ್ಲ.

ಇತ್ತ ಹಳ್ಳಿಯ ಕಣದಲ್ಲಿ ಬೇರೊಂದು ಲೆಕ್ಕವು ನಡೆದಿತ್ತು. ಬೀಳಗಿಯ ಸುತ್ತಿನ ಎರೆಯ ಹೊಲಗಳಲ್ಲಿ ಬಿಳಿಜೋಳದ ರಾಶಿಯಾದಾಗ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಲಿಗ ಮೊದಲಾದ ಆಯಗಾರರಿಗೆ ಅವರವರ ಪಾಲನ್ನು ಅಳೆದು ಕೊಟ್ಟು, ಆ ಮೇಲೆ ಉಳಿದುದು ಒಕ್ಕಲಿಗನ ಮನೆಗೆ ಹೋಗುತ್ತಿದ್ದಿತು. ಮಿಕ್ಕ ಕಾಳು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿದ್ದಿತು. ಬಿತ್ತನೆಗೆ, ಕಳೆಗೆ ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿಯಿದ್ದಿತು. ಅಲ್ಲಿ ದುಡಿಮೆಗೆ ದುಡಿಮೆಯೇ ನಾಣ್ಯ. ಹಣದ ಸೋಂಕಿಲ್ಲದೆ ಊರು ಬದುಕಬಲ್ಲುದೆಂಬುದಕ್ಕೆ ಇದನ್ನು ದೃಷ್ಟಾಂತವಾಗಿ ಕೊಡುವವರಿದ್ದಾರೆ. ಬದುಕಿತ್ತೇನೋ ನಿಜ. ಆದರೆ ಪಾಲು ಹುಟ್ಟಿಗೆ ಗಂಟುಬಿದ್ದಿತ್ತು. ಕಮ್ಮಾರನ ಮಗನು ಕಮ್ಮಾರನೇ. ಹೊಲಗೇರಿಯವನ ಪಾಲು ಎಲ್ಲರದಕ್ಕಿಂತ ಕಡೆಗೆ, ಕಣದ ಮಣ್ಣಿನೊಡನೆ ಬೆರೆತುಬಂದ ಕಾಳಿನಲ್ಲಿ. ಬೃಹಸ್ಪತಿಯ ಒಂದು ಪಾಲಿನ ಹುಡುಗನು ನಾಲ್ಕು ಪಾಲಿನ ಆಚಾರ್ಯನಾಗಬಹುದಿತ್ತು. ಕಣದ ಲೆಕ್ಕದಲ್ಲಿ ಅದು ಸಾಧ್ಯವಿರಲಿಲ್ಲ. ಬೇರೆ ವ್ಯವಸ್ಥೆಯ ಕಲ್ಪನೆಗೆ ಆಯಗಾರಿಕೆಯನ್ನೇ ಮಾದರಿಯಾಗಿ ಮುಂದಿಡುವ ಮಿತ್ರರು ಈ ವಿಷಯದಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ನಮ್ಮ ಬಿನ್ನಹ.

ಈ ಕಟ್ಟಳೆಯು ತಾನಾಗಿಯೇ ಬೀಳುವ ಮೊದಲು ಅದಕ್ಕೆ ದೊಡ್ಡ ಪೆಟ್ಟು ಬಿದ್ದಿತು. 1876-78ರ ಬರಗಾಲವು ಮುಂಬಯಿ ಕರ್ನಾಟಕದಲ್ಲಿ ಕಲಾದಗಿ ಜಿಲ್ಲೆಯನ್ನು ಹಣ್ಣುಮಾಡಿದಷ್ಟು ಮತ್ತೊಂದನ್ನು ಮಾಡಲಿಲ್ಲ. ಬೀಳಗಿಯು ಆಗ ಆ ಜಿಲ್ಲೆಯ ಬಾಗಲಕೋಟೆ ತಾಲ್ಲೂಕಿಗೆ ಸೇರಿದ ಪೇಟೆಯಾಗಿತ್ತು. 1872ರ ಜನಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಡಮೆಯಾಯಿತು. ಹಗೇವುಗಳು ಬರಿದಾದವು, ಸರಕಾರದ ಕಂದಾಯವು ನಾಣ್ಯದಲ್ಲಿ ಕೊಡತಕ್ಕುದಾದುದರಿಂದ ಬದುಕಿದ ಒಕ್ಕಲಿಗನು ಸಾವಕಾರನ ಕಟ್ಟೆಗೆ ಹೋಗದೆ ಗತ್ಯಂತರವಿರಲಿಲ್ಲ. ಬಡ್ಡಿಯು ಬೆಳೆದು ಅಸಲಿನ ಎರಡರಷ್ಟಾದ ಮೇಲೆ ನಿಲ್ಲಬೇಕೆಂಬ ಸ್ಮೃತಿಯ ನಿಯಮವು ದಾಮದುಪ್ಪಟವೆಂಬ ಹೆಸರಿನಿಂದ ಮುಂಬಯಿ ಇಲಾಖೆಯ ನ್ಯಾಯಾಲಯಗಳಲ್ಲಿ ನಡೆಯುತ್ತಿತ್ತು. ಆದರೆ ಹಳೆಯ ಪತ್ರವನ್ನು ಹರಿದು ಹೊಸ ಪತ್ರವನ್ನು ಬರೆಯಿಸಿಕೊಂಡರೆ ಬಡ್ಡಿಯೇ ಅಸಲಾಗಿ ಮತ್ತೆ ಎರಡರಷ್ಟಾಗಲು ಮೊದಲಾಗುವುದು. ಶಾಸ್ತ್ರವು ಹಾಕಿದ ಬೇಲಿಯನ್ನು ಕಾಗದವು ದಾಟಿತು.

ಪರಿಹಾರದ ಕಲ್ಪನೆಯು ಈ ಸಲ ಪಶ್ಚಿಮದಿಂದ ಬಂದಿತು; ಆದರೆ ಅಲ್ಲಿಯೂ ಅದರ ಮೂಲದಲ್ಲಿ ನೇಕಾರರಿದ್ದರು. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ, ಬಹುಮಟ್ಟಿಗೆ ನೇಕಾರರೂ ಇತರ ಕಸುಬಿನವರೂ ಆಗಿದ್ದ 28 ಮಂದಿ ಸೇರಿ ಬೆಣ್ಣೆ, ಸಕ್ಕರೆ, ಹಿಟ್ಟುಗಳನ್ನು ಮಾರುವ ಅಂಗಡಿಯೊಂದನ್ನು ತೆರೆದರು. ಲಾಭವನ್ನು ಬಂಡವಾಳಕ್ಕೆ ಕೊಡದೆ, ಯಾರು ಎಷ್ಟು ಕೊಂಡರೋ ಅಷ್ಟಕ್ಕೆ ಅನುಸಾರವಾಗಿ ಕೊಂಡವರಿಗೇ ಹಂಚುವುದು ಅವರ ಹೊಸ ನಿಯಮವಾಗಿತ್ತು. ಜರ್ಮನಿಯಲ್ಲಿ ರೈಫೈಸನ್ನನು 1860ರ ದಶಕದಲ್ಲಿ ಕಟ್ಟಿದ ಹಳ್ಳಿಯ ಸಾಲಸಂಘಗಳಲ್ಲಿ ಲಾಭವನ್ನು ಹಂಚುವುದೇ ಇಲ್ಲ. ಅದು ಯಾರೂ ಒಡೆಯಲಾಗದ ಕಾಯ್ದಿಟ್ಟ ನಿಧಿಯಾಗಿ ಬೆಳೆಯುತ್ತದೆ. ಗೋವರ್ಧನದ ನೇಕಾರರ ಅಕ್ಷಯನೀವಿಯು ದೇವರ ಹೆಸರಿಲ್ಲದೆ ಮತ್ತೆ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಮದರಾಸಿನ ಅಧಿಕಾರಿ ನಿಕಲ್ಸನ್ನರು 1895ರಿಂದ 1897ರ ವರೆಗೆ ಬರೆದ ವರದಿಯ ಹಿಂದೆಯೇ 1904ರ ಸಹಕಾರಿ ಸಾಲಸಂಘಗಳ ಕಾನೂನು ಬಂದಿತು. ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಾಲಸಂಘವು ದೇಶದ ಮೊದಲನೆಯ ಸಹಕಾರಿ ಸಂಘವೆಂದು ಪ್ರಸಿದ್ಧವಾಗಿದೆ. ಮೊದಲ ಕಾನೂನಿನಲ್ಲಿ ಹಳ್ಳಿಯ ಸಂಘಗಳ ಲಾಭವೆಲ್ಲ ಕಾಯ್ದಿಟ್ಟ ನಿಧಿಗೇ ಹೋಗತಕ್ಕುದಾಗಿತ್ತು. 1912ರ ಎರಡನೆಯ ಕಾನೂನು ನಿವ್ವಳ ಲಾಭದ ಕಾಲು ಪಾಲನ್ನಾದರೂ ನಿಧಿಗೆ ಸೇರಿಸಬೇಕೆಂದು ವಿಧಿಸಿ, ಉಳಿದುದರಲ್ಲಿ ಹತ್ತರಲ್ಲೊಂದನ್ನು ಮೀರದಂತೆ ಧರ್ಮಕಾರ್ಯಗಳಿಗೆ ಕೊಡಬಹುದೆಂದು ಅನುಮತಿಸಿತು. ದಾಸೋಹಕ್ಕೆ ಸರಕಾರವು ನಿಗದಿಮಾಡಿದ ಪ್ರಮಾಣವೆಂದು ಇದನ್ನು ವಿನೋದಕ್ಕಾಗಿ ಹೇಳಬಹುದು.

ನಮ್ಮ ಸೀಮೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಬೀಳಗಿಯು ಬ್ರಿಟಿಷ್ ಆಡಳಿತದಲ್ಲಿಯೂ, ಬನಹಟ್ಟಿಯು ಜಮಖಂಡಿಯ ಪಟವರ್ಧನರಲ್ಲಿಯೂ, ಅದಕ್ಕೆ ಹೊಂದಿಕೊಂಡೇ ಇದ್ದ ರಬಕವಿಯು ಸಾಂಗಲಿ ಸಂಸ್ಥಾನದಲ್ಲಿಯೂ, ಮುಧೋಳವು ಘೋರ್ಪಡೆಯವರಲ್ಲಿಯೂ ಇದ್ದಿತು. ಒಂದು ದಿನದ ನಡಿಗೆಯೊಳಗೆ ನಾಲ್ಕು ಸರಕಾರಗಳು. ಬ್ರಿಟಿಷ್ ಇಂಡಿಯಾದ ಕಾನೂನು ಬೀಳಗಿಗೆ ಅನ್ವಯಿಸಿದರೆ ಮಗ್ಗಗಳಿದ್ದ ಅವಳಿ ಊರುಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ಹುರಿಯನ್ನು ಸುತ್ತಿ ಒಂದೇ ಸಂತೆಯಲ್ಲಿ ಮಾರುವ ನೇಕಾರರು ಒಂದೇ ಸಂಘವನ್ನು ಕಟ್ಟಲಾರದಂತೆ ಗಡಿಯು ಓಣಿಗಳ ನಡುವೆ ಹಾದುಹೋಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಈ ತೊಡಕು ಬಿಡಿಸಿತು.

ಇದೇ ಅವಳಿ ಊರಿನ ಒಂದು ಮನೆಯು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಚಿರಸ್ಮರಣೀಯವಾಗಿದೆ. ಇಪ್ಪತ್ತನೆಯ ಶತಮಾನದ ಆದಿಯ ವರ್ಷಗಳಲ್ಲಿ ಫ. ಗು. ಹಳಕಟ್ಟಿಯವರು ರಬಕವಿ-ಬನಹಟ್ಟಿಯ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ತಾಡವೋಲೆಯ ಕಟ್ಟುಗಳನ್ನು ಕಂಡರು. ಅಲ್ಲಿಂದ ಅವರ ವಚನಸಂಶೋಧನೆಯು ಬೇರೂರಿತು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ತೆರೆದರು. ಸಾಹಿತ್ಯದ ಅಧ್ಯಾಪಕರು ಇಷ್ಟನ್ನು ಹೇಳಿ ನಿಲ್ಲುವರು. ಆದರೆ 1912ರಲ್ಲಿ ವಿಜಾಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೂ ಅವರೇ ಎಂಬುದನ್ನು ಪಠ್ಯಪುಸ್ತಕದ ಕವಿಪರಿಚಯದಲ್ಲಿ ಒಂದು ಸಾಲಿನಲ್ಲಿ ತಳ್ಳಿಬಿಡುವುದು ವಾಡಿಕೆಯಾಗಿದೆ. ನಮಗೆ ಇದು ಪರಿಚಯದ ಅಡಿಟಿಪ್ಪಣಿಯಾಗಿ ತೋರುವುದಿಲ್ಲ. ಒಂದು ಕೈಯಲ್ಲಿ ಲಕ್ಕಮ್ಮನ ವಚನದ ಓಲೆ, ಮತ್ತೊಂದರಲ್ಲಿ ಠೇವಣಿಯ ಖಾತೆ. ಶಿಲ್ಕೇ ಬೇಡವೆಂದ ಶರಣರನ್ನು ಬೆಳಕಿಗೆ ತಂದವರು ಶಿಲ್ಕನ್ನು ಕೂಡಿಡುವ ಸಂಸ್ಥೆಯನ್ನು ಕಟ್ಟಿದರು. ಇದರಲ್ಲಿ ವಿರೋಧವನ್ನು ಕಾಣುವವರು ಕಾಣಲಿ. ಕಾಯಕದ ಕಲ್ಪನೆಯಲ್ಲಿ ಉಳಿದಿದ್ದ ಬಿಡಿಸಲಾರದ ಗಂಟನ್ನು, ಬರದ ವರ್ಷಕ್ಕೆ ಕೂಡಿಟ್ಟುದು ಯಾರೊಬ್ಬರದೂ ಆಗದಂತೆ ಕಾಯುವುದು ಹೇಗೆಂಬುದನ್ನು, ಅವರು ಬಿಡಿಸಹೊರಟಿದ್ದರೆಂದು ನಾವು ಊಹಿಸುತ್ತೇವೆ. ತಮ್ಮ ಸ್ವಂತದ ವಿಷಯದಲ್ಲಿ ಮಾತ್ರ ಅವರು ಲಕ್ಕಮ್ಮನ ಪಕ್ಷದವರೇ. ಗಳಿಸಿದುದೆಲ್ಲವೂ ವಚನಗಳ ಮುದ್ರಣಕ್ಕೆ ಹೋಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, ನಮ್ಮ ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ದಾರಿಯಿದು.

ಇನ್ನೊಂದು ಪ್ರಯೋಗವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೃಷ್ಣೆಯ ಆಚೆ ವಿಜಾಪುರ ಸೀಮೆಯ ಗುಣದಾಳವು ಔಂಧ ಸಂಸ್ಥಾನದ ಬಿಡಿ ತುಣುಕಾಗಿತ್ತು. ಆ ಸಂಸ್ಥಾನದ ರಾಜ ಭವಾನರಾವ ಪಂತ ಪ್ರತಿನಿಧಿಯವರು 1938ರಲ್ಲಿ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವೆನೆಂದು ಸಾರಿ, ಗಾಂಧೀಜಿಯವರ ಮಾರ್ಗದರ್ಶನದಲ್ಲಿ ಸಿದ್ಧವಾದ ಸಂವಿಧಾನವನ್ನು 1939ರ ಜನವರಿಯಲ್ಲಿ ಜಾರಿಗೆ ತಂದರು. ಹಳ್ಳಿಯ ಪಂಚಾಯತಿಯೇ ಅದರ ಅಡಿಪಾಯ. ಪೋಲೆಂಡಿನಿಂದ ಬಂದಿದ್ದ ಮಾರಿಸ್ ಫ್ರಿಡ್‌ಮನ್ನರೂ ರಾಜಪುತ್ರ ಅಪ್ಪಾ ಪಂತರೂ ಈ ಕಾರ್ಯದಲ್ಲಿ ಮುಖ್ಯರು. ವಿಲೀನದೊಡನೆ ಪ್ರಯೋಗವು ಮುಗಿಯಿತು. ಕನ್ನಡದ ಹಳ್ಳಿಗಳು ಅದರಲ್ಲಿ ಭಾಗಿಗಳಾಗಿದ್ದರೂ ಅದರ ವಿಷಯವಾಗಿ ಕನ್ನಡದಲ್ಲಿ ಬರೆದವರು ವಿರಳ.

ವಿಲೀನದ ತರುವಾಯ ಸಹಕಾರವು ಈ ಸೀಮೆಯಲ್ಲಿ ಸಮೃದ್ಧವಾಗಿ ಬೆಳೆಯಿತು. ಪತ್ತಿನ ಸಂಘಗಳು, ನೇಕಾರರ ಸಂಘಗಳು, ನೂಲಿನ ಗಿರಣಿ. ಮುಧೋಳದ ಬಳಿ ತಿಮ್ಮಾಪುರದಲ್ಲಿ ರನ್ನನ ಹೆಸರಿನ ನಗರವನ್ನು ಕಟ್ಟಿಕೊಂಡ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಕೃಷ್ಣೆಗೆ ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದು, ಮುಂದೆ ನೀರು ನಿಂತಾಗ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳ ಕಣಗಳೂ ಹಗೇವುಗಳೂ ಮುಳುಗಿದವು. ಹೊಲಕ್ಕೂ ಮನೆಗೂ ಪರಿಹಾರವು ಹಣವಾಗಿ ಬಂದಿತು. ಕಣದ ಪಾಲಿಗೆ, ಮುಯ್ಯಿಗೆ ಬೆಲೆ ಕಟ್ಟುವ ಕೋಷ್ಟಕವು ಯಾವ ಕಾನೂನಿನಲ್ಲಿಯೂ ಇಲ್ಲ. ದಂಡೆಯಲ್ಲುಳಿದ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಜೋಳವನ್ನು ಮನೆಯಲ್ಲಿ ಕೂಡಿಡಬಹುದು. ಕಡಿದ ಕಬ್ಬು ಎರಡು ದಿನ ಕಾಯಲೊಲ್ಲದು. ಬೆಳೆಯು ಬದಲಾದುದರಿಂದ ಶಿಲ್ಕು ಕಣವನ್ನು ಬಿಟ್ಟು ಕಾರ್ಖಾನೆಯ ತೂಕದ ಕಟ್ಟೆಗೆ ಹೋಯಿತು.

ಬನಹಟ್ಟಿಯಲ್ಲಿ ಕೈಮಗ್ಗವಿದ್ದ ಅನೇಕ ಮನೆಗಳಲ್ಲಿ ಈಗ ವಿದ್ಯುತ್ ಮಗ್ಗವಿದೆ. ಮಾಲಕನು ನೂಲು ಕೊಡುತ್ತಾನೆ, ಸೀರೆಗೆ ಇಷ್ಟೆಂದು ಮಜೂರಿ ಕೊಡುತ್ತಾನೆ. ಮಗ್ಗವು ನೇಕಾರನದೇ ಆದರೂ ನೂಲು ಅವನದಲ್ಲ, ಸೀರೆ ಅವನದಲ್ಲ, ಶಿಲ್ಕು ಅವನದಲ್ಲ. ಸಹಕಾರಿ ಸಂಘವು ಈ ಮೂರನ್ನೂ ಅವನ ಕೂಟಕ್ಕೆ ತಿರುಗಿ ಕೊಡಿಸಲೆಂದು ಹುಟ್ಟಿದುದು. ಕೆಲವೆಡೆ ಕೊಡಿಸಿತು. ಕೆಲವೆಡೆ ಸಂಘದ ನಾಮಫಲಕದ ಕೆಳಗೆ ಮಾಲಕನೇ ಅಧ್ಯಕ್ಷನಾಗಿ ಕುಳಿತನು. ಈ ಲೇಖಕನ ತಂದೆಯವರು ನಿವೃತ್ತಿಯಲ್ಲಿ ಬಂದ ಹಣವನ್ನು ಹತ್ತಿರದ ಪತ್ತಿನ ಸಂಘವೊಂದರಲ್ಲಿ ಇಟ್ಟಿದ್ದರು. ಹೆಸರು ಹೇಳುವ ಪ್ರಯೋಜನವಿಲ್ಲ. ಅದು ಬಾಗಿಲು ಹಾಕಿದ ದಿನ ಹೊರಗೆ ನಿಂತಿದ್ದವರು ತಮ್ಮ ಠೇವಣಿಯ ಮಾತನ್ನೇ ಆಡುತ್ತಿದ್ದರಲ್ಲದೆ, ವರ್ಷವರ್ಷವೂ ಕೂಡಿರಬೇಕಾಗಿದ್ದ ಕಾಯ್ದಿಟ್ಟ ನಿಧಿಯೇನಾಯಿತೆಂದು ಒಬ್ಬರೂ ಕೇಳಲಿಲ್ಲ. ತಂದೆಯವರೂ ಕೇಳಲಿಲ್ಲ. ಯಾರೊಬ್ಬರದೂ ಅಲ್ಲದ ಹಣವು ಎಲ್ಲರದೂ ಎಂಬ ಭಾವನೆಯು ನಮ್ಮಲ್ಲಿ ಅಷ್ಟರಮಟ್ಟಿಗೆ ಅಳಿದುಹೋಗಿತ್ತು. ದೇವರ ಹೆಸರಿದ್ದಾಗ ಅದನ್ನು ಮುಟ್ಟಲು ಕೈ ನಡುಗುತ್ತಿತ್ತು. ಉಪನಿಯಮದ ಕಲಮಿನ ಸಂಖ್ಯೆಯು ಆ ನಡುಕವನ್ನು ಹುಟ್ಟಿಸಲಾರದಾಯಿತು. ರೈಫೈಸನ್ನನ ನಿಧಿಯು ನಮ್ಮಲ್ಲಿ ಎಡವಿದುದು ಈ ಸ್ಥಳದಲ್ಲಿಯೇ ಎಂದು ನಮ್ಮ ಮತ. ಕಾನೂನಿನ ದೋಷಕ್ಕಿಂತಲೂ ಲೆಕ್ಕವನ್ನು ಕೇಳುವ ಅಧಿಕಾರವು ಸದಸ್ಯನ ಬಾಯಿಗೆ ಬಾರದುದೇ ದೊಡ್ಡ ದೋಷ. ಲಕ್ಕಮ್ಮನು ಗಂಡನ ಚೀಲವನ್ನು ಬಿಚ್ಚಿ ನೋಡಿ ಲೆಕ್ಕ ಕೇಳಿದಳೆಂಬುದನ್ನು ನಾವು ವೈರಾಗ್ಯವೆಂದು ಪಾಠ ಹೇಳುತ್ತಿರುವವರೆಗೆ ಅದು ಬಾಯಿಗೆ ಬರುವಂತೆಯೂ ಇಲ್ಲ.

ಈ ಚರಿತ್ರೆಯನ್ನು ಪೂರ್ಣವಾಗಿ ಬರೆಯಲು ಬೇಕಾದ ಸಾಮಗ್ರಿಯು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಇರುವುದಕ್ಕಿಂತ ಹೆಚ್ಚಾಗಿ ಮನೆಗಳ ಅಟ್ಟಗಳಲ್ಲಿದೆ. ಕೆಲವು ವರ್ಷಗಳ ಹಿಂದೆ ರಬಕವಿಯ ಒಂದು ಮನೆಯಲ್ಲಿ ಈ ಲೇಖಕನಿಗೆ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಕೀರ್ದಿ ಪುಸ್ತಕಗಳನ್ನು ತೋರಿಸಿದರು. ಮೋಡಿ ಲಿಪಿ, ಸಂಸ್ಥಾನದ ಕಾಲದವು. ಪುಟದ ಕೆಳಗೆ ಶಿಲ್ಕನ್ನು ಬರೆಯುವ ಮೊದಲು ಪ್ರತಿದಿನವೂ ಧರ್ಮಾದಾಯವೆಂದು ಒಂದು ಚಿಕ್ಕ ಮೊತ್ತವನ್ನು ಕಳೆದು ಬೇರೆ ಖಾತೆಗೆ ಹಾಕಿದ್ದರು. ಹೇರಿಗೆ ಇಷ್ಟೆಂದು ಆಯ ಬಿಟ್ಟ ಐನೂರ್ವರ ಕಟ್ಟಳೆಯು ಎಂಟುನೂರು ವರ್ಷಗಳ ತರುವಾಯವೂ ಅಲ್ಲಿ ನಡೆದಿತ್ತು. ಆ ಖಾತೆಯ ಹಣವು ಎಲ್ಲಿ ಸಂದಿತೆಂದು ತಿಳಿಯಲು ಮುಂದಿನ ಸಂಪುಟವನ್ನು ಕೇಳಿದಾಗ, ಮನೆಯ ಹಿರಿಯರು ಅದನ್ನು ಹೋದ ಶ್ರಾವಣದಲ್ಲಿ ರದ್ದಿಗೆ ಹಾಕಿದೆವೆಂದರು. ಮೋಡಿಯನ್ನೋದಬಲ್ಲ ತರುಣರು ಯಾರಾದರೂ ಇದ್ದಲ್ಲಿ ಮಿಕ್ಕ ಮೂರು ಸಂಪುಟಗಳು ಇನ್ನೂ ಆ ಅಟ್ಟದಲ್ಲಿಯೇ ಇರುತ್ತವೆ.